ಬಿಡಬೇಕಾದ ಮನೆಗಳ ಪಟ್ಟಿ

"ನಲವತ್ತೆರಡು... ಟೋಕನ್ ನಲವತ್ತೆರಡು!"

ನರ್ಸ್ ಮೂರನೇ ಸಲ ಕೂಗಿದಳು. ಕಿವಿ ಆಸ್ಪತ್ರೆಯ ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗಿ ಮಾತ್ರ ಗೋಡೆಯ ಮೇಲಿನ ಕಿವಿಯ ಚಿತ್ರವನ್ನೇ ದಿಟ್ಟಿಸುತ್ತಾ ಕೂತಿದ್ದಳು.

ಅವಳ ಎಡಗಡೆ ಕೂತಿದ್ದ ಯುವಕನ ಕಣ್ಣು ಅವಳ ಕೈಯಲ್ಲಿದ್ದ ಚೀಟಿಯ ಮೇಲೆ ಬಿತ್ತು. ನಲವತ್ತೆರಡು!

"ಮೇಡಂ, ನಿಮ್ಮನ್ನೇ ಕರೀತಿದಾರೆ."

ಉತ್ತರವಿಲ್ಲ. ಅವನು ಇನ್ನೊಮ್ಮೆ ಕರೆಯಲಿಲ್ಲ. ಮೆಲ್ಲಗೆ ಎದ್ದು, ಬೆಂಚು ಸುತ್ತಿಕೊಂಡು ಅವಳ ಬಲಗಡೆಗೆ ಬಂದು, ಅದೇ ಮಾತನ್ನು ಅಷ್ಟೇ ಮೆತ್ತಗೆ ಹೇಳಿದ.

ಅವಳು ಬೆಚ್ಚಿಬಿದ್ದಳು. ಮುಖ ಕೆಂಪಾಯಿತು.

"ನನಗೆ ಕೇಳಿಸ್ತು! ಏನೋ ಯೋಚನೆ ಮಾಡ್ತಿದ್ದೆ, ಅಷ್ಟೆ!"

"ಹೌದು ಮೇಡಂ. ನಾನೂ ಹಾಗೇ ಅಂದ್ಕೊಂಡೆ."

ಅವನು ನಗಲಿಲ್ಲ. ಡಾಕ್ಟರ ಕೋಣೆಯಿಂದ ಅವಳು ಹೊರಬಂದಾಗ ತನ್ನ ತಾಯಿಯ ಕೈ ಹಿಡಿದು ಅವನೂ ಹೊರಟಿದ್ದ. ಗೇಟಿನವರೆಗೂ ಅವಳ ಬಲಗಡೆಯಲ್ಲೇ ನಡೆದ.

ಅಯ್ಯೋ, ಇವನಿಗೆ ಗೊತ್ತಾಗಿಹೋಯ್ತು... ಎಂದುಕೊಂಡಳು ಅವಳು.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವಳ ಅನ್ನವೇ ಕಿವಿಯಿಂದ! ಸೋದರಮಾವನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವಳು ಧ್ವನಿ ತಿದ್ದುವವಳು. ಓದುವವರ ಉಸಿರು, ಕುರ್ಚಿಯ ಕಿರುಗುಟ್ಟುವಿಕೆ, ಬೇಡದ ಕೆಮ್ಮು ಎಲ್ಲವನ್ನೂ ಹುಡುಕಿ ತೆಗೆಯುವ ಕೆಲಸ. ಮಾವ ಅವಳಿಗೆ 'ಸೂಜಿಕಿವಿ' ಎಂದೇ ಹೆಸರಿಟ್ಟಿದ್ದ, ಸೂಜಿ ಬಿದ್ದರೂ ಕೇಳಿಸಿಕೊಳ್ಳುವವಳು ಎಂದು. ಆ ಸೂಜಿಕಿವಿಯ ಎಡಗಿವಿ ಒಂದು ವರ್ಷದಿಂದ ಮಂದವಾಗುತ್ತಾ ಬಂದಿತ್ತು. ಅಣ್ಣ-ಅತ್ತಿಗೆಯ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು, ನಿಜ. ಆದರೆ ನನ್ನದು ಎಂದು ಅವಳು ಹೇಳಿಕೊಳ್ಳುವಂಥದ್ದು ಸ್ಟುಡಿಯೋದ ಆ ಮೇಜು ಒಂದೇ.

ಎರಡನೇ ಸಲ ಆಸ್ಪತ್ರೆಯಲ್ಲೇ ಸಿಕ್ಕರು. ಮೂರನೇ ಸಲ ಸ್ಟುಡಿಯೋ ಎದುರಿನ ಟೀ ಅಂಗಡಿಯಲ್ಲಿ. ಅದು ಆಕಸ್ಮಿಕ ಎಂದು ಇಬ್ಬರೂ ಹೇಳಿಕೊಂಡರು, ಇಬ್ಬರೂ ನಂಬಲಿಲ್ಲ.

"ನೀವೇನು ಕೆಲಸ ಮಾಡ್ತೀರಾ?"

"ಮನೆಗಳಿಗೆ ಇಂಟರ್ನೆಟ್ ಕೊಡೋ ಕಂಪನಿಯಲ್ಲಿ ಪ್ರೋಗ್ರಾಂ ಬರೀತೀನಿ." ಅವನು ಹೇಳಿದ ಹೆಸರು ಕೇಳಿ ಅವಳು ಹುಬ್ಬೇರಿಸಿದಳು. ಅವಳ ಮನೆಗೂ ಅದೇ ಕಂಪನಿಯ ಸಂಪರ್ಕವಿತ್ತು.

"ಹಾಗಿದ್ರೆ ನಾವು ಏನೇನು ನೋಡ್ತೀವಿ ಅಂತ ನಿಮಗೆ ಕಾಣುತ್ತಾ?"

"ಛೆ! ನಮಗೆ ಕಾಣೋದು ಸೈಟಿನ ಹೆಸರು ಮಾತ್ರ. ಲಕೋಟೆ ಮೇಲಿನ ವಿಳಾಸ ಇದ್ದ ಹಾಗೆ. ಒಳಗೇನಿದೆ ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತಿರುತ್ತಾ?"

ಅಂದಿನಿಂದ ಅವನು ಅವಳಿಗೆ 'ಪೋಸ್ಟ್‌ಮ್ಯಾನ್ ಸಾಹೇಬ್ರು' ಆದ.

ಅವನು ಸುಳ್ಳು ಹೇಳಿರಲಿಲ್ಲ. ಆ ಮಾತನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಬಾಯಿಪಾಠವಾಗಿಹೋಗಿತ್ತು.

ಎರಡು ತಿಂಗಳ ನಂತರ ಒಂದು ಸಂಜೆ, ಪಾರ್ಕಿನ ಬೆಂಚಿನ ಮೇಲೆ ಅವಳು ಬಾಯಿಬಿಟ್ಟಳು.

"ಎಡಗಿವಿ ಹೋಗ್ತಾ ಇದೆ. ಯಂತ್ರ ಹಾಕ್ಕೊಳ್ಳಿ ಅಂತಾರೆ ಡಾಕ್ಟ್ರು. ಮಾವ ನೋಡಿದ್ರೆ ಮೇಜಿಂದ ಎಬ್ಬಿಸಿಬಿಡ್ತಾರೆ. ಮನೇಲೂ ಯಾರಿಗೂ ಗೊತ್ತಿಲ್ಲ... ನಿಮಗೊಬ್ರಿಗೇ ಹೇಳ್ತಿರೋದು."

"ನನ್ನ ಬಾಯಿಂದ ಹೊರಗೆ ಹೋಗಲ್ಲ."

"ಆಣೆ?"

"ಆಣೆ."

ಎಷ್ಟೋ ತಿಂಗಳ ಭಾರ ಇಳಿದು ಅಂದು ಅವಳು ಹಗುರಾಗಿ ಮನೆಗೆ ನಡೆದಳು. ಪಾಪದ ಹುಡುಗಿ!

ಮೂರೇ ವಾರ. ಒಂದು ಬೆಳಿಗ್ಗೆ ಅಣ್ಣನ ಹೆಸರಿನಲ್ಲಿದ್ದ ಮನೆಯ ಫೋನು ರಿಂಗಾಯಿತು. ಅತ್ತಿಗೆ ಎತ್ತಿದಳು. ಕಿವಿಯ ಯಂತ್ರ ಮಾರುವ ಅಂಗಡಿಯ ಹುಡುಗಿ ಜೇನಿನಂಥ ದನಿಯಲ್ಲಿ ಕೇಳಿದಳು:

"ನಿಮ್ಮ ಮನೇಲಿ ಯಾರಿಗೋ ಕಿವಿ ಸರಿಯಾಗಿ ಕೇಳ್ತಿಲ್ವಂತಲ್ಲ ಮೇಡಂ?"

ಅತ್ತಿಗೆ ಕೆಟ್ಟವಳಲ್ಲ. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೂಗಿದರೂ ತಿರುಗದ ನಾದಿನಿ, ಟಿವಿಯ ದನಿ ಏರಿಸುವ ನಾದಿನಿ... ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಮಧ್ಯಾಹ್ನದೊಳಗೆ ಸುದ್ದಿ ಮಾವನ ಮನೆ ಮುಟ್ಟಿತ್ತು, ಕಣ್ಣೀರಿನ ಸಮೇತ.

ಮರುದಿನ ಸ್ಟುಡಿಯೋಕ್ಕೆ ಹೋದರೆ ಅವಳ ಹೆಡ್‌ಫೋನ್ ಮೇಜಿನ ಮೇಲಿರಲಿಲ್ಲ.

"ಸ್ವಲ್ಪ ದಿನ ಮುಂದಿನ ಕೌಂಟರಿನಲ್ಲಿ ಕೂತ್ಕೋ ಸೂಜಿ," ಎಂದ ಮಾವ, ಅವಳ ಮುಖ ನೋಡದೆ. "ಬಂದೋರ ಹೆಸರು ಬರ್ಕೊಂಡ್ರೆ ಸಾಕು." ಅವನು ಎಂದೂ ಇಲ್ಲದಷ್ಟು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಡಾಕ್ಟರ ಬಳಿ ಮನೆಯ ಫೋನ್ ನಂಬರ್ ಇರಲಿಲ್ಲ. ಹಾಗಾದರೆ ಯಾರು? ಗುಟ್ಟು ಗೊತ್ತಿದ್ದವನು ಒಬ್ಬನೇ... ಒಬ್ಬನೇ!

ಟೀ ಅಂಗಡಿಯ ಮುಂದೆ ಕಾದಿದ್ದವನ ಎದುರು ಹೋಗಿ ನಿಂತಳು.

"ಯಾರಿಗೆ ಹೇಳಿದ್ರಿ?"

"ಏನನ್ನ?"

"ನಾಟಕ ಬೇಡ! ಕಿವಿಯಂತ್ರದ ಅಂಗಡಿಯಿಂದ ಮನೆಗೆ ಫೋನ್ ಬಂದಿದೆ. ನನ್ನ ಮೇಜು ಹೋಯ್ತು! ನಿಮಗೊಬ್ರಿಗೇ ತಾನೆ ಹೇಳಿದ್ದು?"

ಅವನ ಮುಖ ಬಿಳಿಚಿತು, ಆಮೇಲೆ ಬಿಗಿದುಕೊಂಡಿತು. "ನಾನು ಒಬ್ರ ಮುಂದೆಯೂ ಬಾಯಿಬಿಟ್ಟಿಲ್ಲ. ನನ್ನ ಮೇಲೆ ಇಷ್ಟೇನಾ ನಂಬಿಕೆ?"

ಅವಳು ತಿರುಗಿ ನಡೆದಳು. ಎಡಗಡೆಯಿಂದ ಅವನು ಕೂಗಿದ್ದು ಕೇಳಿಸಲಿಲ್ಲ. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ.

ಅವನು ಉರಿಯುತ್ತಲೇ ಆಫೀಸಿಗೆ ಬಂದ. ನಾನು ತಪ್ಪಿಲ್ಲದವನೆಂದು ತೋರಿಸಿಯೇ ತೀರುತ್ತೇನೆ! ಮೂರನೇ ಮಹಡಿಯ ಮಾರಾಟದವರ ಬಳಿ ಹೋಗಿ, ಆ ವಾರ ಕಿವಿಯಂತ್ರದ ಅಂಗಡಿಗೆ ಕಂಪನಿ ಮಾರಿದ್ದ ಮನೆಗಳ ಪಟ್ಟಿ ತೆರೆಸಿದ. ಅವಳ ಅಣ್ಣನ ನಂಬರು ಆರನೇ ಸಾಲಿನಲ್ಲಿತ್ತು.

ಆ ಪಟ್ಟಿ ಹುಟ್ಟಿದ್ದು ಅವನದೇ ಪ್ರೋಗ್ರಾಮಿನಿಂದ.

ಯಾವ ಮನೆಯಿಂದ ಯಾವ ಸೈಟಿಗೆ ಎಷ್ಟು ಸಲ, ಯಾವ ಹೊತ್ತಿಗೆ ಹೋದರು ಎಂದು ಎಣಿಸಿ, ಮನೆಗೊಂದು ಗುರುತು ಹಚ್ಚುವ ಪ್ರೋಗ್ರಾಂ. ಈ ಮನೆ 'ಮಗು', ಈ ಮನೆ 'ಸಾಲ', ಈ ಮನೆ 'ಕಿವಿ'. ಅವಳು ರಾತ್ರಿ ಹೊತ್ತು ಕೋಣೆಯಲ್ಲಿ ಕೂತು ಕಿವಿಯಂತ್ರದ ಸೈಟುಗಳನ್ನು ಹುಡುಕಿದ್ದೆಲ್ಲ ಅಲ್ಲಿ ಎಣಿಕೆಯಾಗಿತ್ತು. ಅದನ್ನು ಬರೆಯುವಾಗ ಅವನು ಅಂದುಕೊಂಡಿದ್ದ: ಇದರಲ್ಲಿ ಹೆಸರಿಲ್ಲ, ಬರೀ ನಂಬರು. ನಂಬರಿಗೆ ಫೋನು ಜೋಡಿಸುವುದು ಮೂರನೇ ಮಹಡಿಯವರ ಕೆಲಸ, ನನ್ನದಲ್ಲ. ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದ.

ನಾನು ಬಾಯಿಬಿಡಲಿಲ್ಲ... ಬಾಯಿಬಿಡುವ ಯಂತ್ರ ಕಟ್ಟಿಕೊಟ್ಟೆ!

ಆದರೂ ಅವನು ಮೊದಲು ಮಾಡಿದ್ದೇನು ಗೊತ್ತೇ? ಪ್ರೋಗ್ರಾಮಿನೊಳಗೆ 'ಬಿಡಬೇಕಾದ ಮನೆಗಳು' ಎಂಬ ಒಂದು ಪಟ್ಟಿಯಿತ್ತು. ಅದರಲ್ಲಿದ್ದ ಮನೆಗಳನ್ನು ಪ್ರೋಗ್ರಾಂ ಮುಟ್ಟುವುದಿಲ್ಲ. ಅವಳ ಮನೆಯ ನಂಬರನ್ನು ಆ ಪಟ್ಟಿಯ ಕೊನೆಗೆ ಸೇರಿಸಿದ. ಉಸ್ಸಪ್ಪಾ ಎಂದ. ಎಲ್ಲ ಸರಿಯಾಯಿತು ಎನ್ನಿಸಿತು ಅವನಿಗೆ!

ಸಂಜೆ ಸ್ಟುಡಿಯೋದ ಕೌಂಟರಿನ ಮುಂದೆ ನಿಂತು ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಅವಳು ಪೆನ್ನು ಕೆಳಗಿಟ್ಟು, ಬಲಗಿವಿ ಮುಂದೆ ಮಾಡಿ ಕೇಳಿದಳು. ಅವಳ ಸಿಟ್ಟು ಇಳಿಯುತ್ತಿತ್ತು. ಇವನು ಆಣೆ ಮುರಿದಿಲ್ಲ... ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವನೆಂದ:

"ಇನ್ನು ನೀವು ಹೆದರಬೇಡಿ. ನಿಮ್ಮ ಮನೇನ ಬಿಡಬೇಕಾದ ಪಟ್ಟಿಗೆ ಸೇರಿಸಿದೀನಿ."

"ಆ ಪಟ್ಟೀಲಿ ಇನ್ಯಾರಿದಾರೆ?"

"ನಮ್ಮ ಆಫೀಸಿನವರು. ನೂರಾ ಹದಿನಾಲ್ಕು ಮನೆ. ಪ್ರೋಗ್ರಾಂ ಪರೀಕ್ಷೆ ಮಾಡೋವಾಗ ನಮ್ಮ ಮನೆಗಳು ಲೆಕ್ಕ ಕೆಡಿಸಬಾರದು ಅಂತ ಹಾಕಿದ್ವಿ. ಆಮೇಲೆ... ಹಾಗೇ ಉಳೀತು."

"ಎಷ್ಟು ದಿನದಿಂದ?"

"ಎರಡು ವರ್ಷ."

"ನಿಮ್ಮ ಮನೆ?"

ಅವನು ನೆಲ ನೋಡಿದ. "ಮೊದಲನೇದು."

ಅವಳ ದನಿ ಈಗ ತೀರಾ ತಣ್ಣಗಿತ್ತು.

"ಹೆಸರಿಲ್ಲ, ಬರೀ ನಂಬರು, ಯಾರಿಗೂ ತೊಂದರೆ ಇಲ್ಲ... ಹಾಗಿದ್ರೆ ನಿಮ್ಮ ಮನೆ ಯಾಕೆ ಹೊರಗಿತ್ತು?"

ಅವಳು ಹೆಸರು ಬರೆಯುವ ಪುಸ್ತಕ ಮುಚ್ಚಿದಳು.

"ಪೋಸ್ಟ್‌ಮ್ಯಾನ್ ಲಕೋಟೆ ಒಡೀಬೇಕಾಗಿಲ್ಲ ಸಾಹೇಬ್ರೇ. ಯಾರ ಮನೆಗೆ ಎಲ್ಲಿಂದ ಕಾಗದ ಬಂತು ಅಂತ ಬೀದೀಲಿ ನಿಂತು ಕೂಗಿದ್ರೆ ಸಾಕು. ಆ ಪಟ್ಟಿಯ ಐದನೇ ಸಾಲಿನ ಮನೆ ಯಾರದು? ಏಳನೇ ಸಾಲಿನದು? ಅವರು ನಿಮ್ಮನ್ನ ಪ್ರೀತಿಸಲಿಲ್ಲ, ಅದಕ್ಕೆ ಅವರ ಮನೆಗೆ ಫೋನ್ ಹೋಗ್ಲಿ ಅಂತಾನಾ?"

ಪ್ರೀತಿ ಎಂಬ ಪದ ಅವಳ ಬಾಯಿಂದ ಮೊದಲ ಸಲ ಬಂದದ್ದು ಹೀಗೆ! ಇಬ್ಬರಿಗೂ ಅದು ಗೊತ್ತಾಯಿತು. ಇಬ್ಬರೂ ಅದರ ಮಾತೆತ್ತಲಿಲ್ಲ.

"ನನ್ನ ಮನೇನ ಆ ಪಟ್ಟಿಯಿಂದ ತೆಗೀರಿ," ಎಂದಳು. "ಹೋಗಿ."

ಹತ್ತು ದಿನ ಅವನ ಸುದ್ದಿಯಿಲ್ಲ. ಹೋಗಿ ಎಂದಿದ್ದವಳೂ ಅವಳೇ, ಬಾಗಿಲ ಕಡೆ ನೋಡುತ್ತಿದ್ದವಳೂ ಅವಳೇ.

ಮೂರನೇ ದಿನ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಅವನು ತನಗೆ ತಾನೇ ಕಥೆ ಹೇಳಿಕೊಂಡ, ಸರಿ. ನಾನು? ಕೇಳಿಸ್ತು ಕೇಳಿಸ್ತು ಎಂದು ವರ್ಷವಿಡೀ ಹೇಳಿಕೊಂಡೆನಲ್ಲ! ನೇರ ಮಾವನ ಕೋಣೆಗೆ ನುಗ್ಗಿದಳು.

"ಮಾವ, ಹತ್ತು ನಿಮಿಷದ ರೆಕಾರ್ಡಿಂಗ್ ಹಾಕಿ. ನಿಮ್ಮ ಎರಡು ಕಿವಿ, ನನ್ನದು ಒಂದು. ಯಾರಿಗೆ ಹೆಚ್ಚು ತಪ್ಪು ಸಿಗುತ್ತೋ ನೋಡೋಣ."

ಮಾವನಿಗೆ ಹನ್ನೊಂದು ಸಿಕ್ಕವು. ಅವಳಿಗೆ ಹದಿನೇಳು. ಅದರಲ್ಲಿ ಒಂದು ಮಾವನದೇ ಆಕಳಿಕೆ!

ಮಾವ ತಲೆ ಕೆರೆದುಕೊಂಡ. "ಸರಿ ಮಾರಾಯ್ತಿ. ಯಂತ್ರ ಹಾಕಿಸ್ಕೊಂಡು ಬಾ. ಒಂದು ತಿಂಗಳು ನೋಡೋಣ. ಆಮೇಲೆ ಮಾತು." ಪೂರ್ತಿ ಗೆಲುವಲ್ಲ. ಆದರೆ ಹೆಡ್‌ಫೋನ್ ಮೇಜಿಗೆ ವಾಪಸು ಬಂತು.

ಹನ್ನೊಂದನೇ ದಿನ ಮಧ್ಯಾಹ್ನ ಅವನು ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಮಡಚಿದ ಒಂದು ಹಾಳೆ.

"ಎರಡೇ ನಿಮಿಷ. ಆಮೇಲೆ ಹೋಗ್ತೀನಿ."

ಅವಳು ಹೆಡ್‌ಫೋನ್ ತೆಗೆದಳು.

"ಬಿಡಬೇಕಾದ ಪಟ್ಟಿನ ಪೂರ್ತಿ ಖಾಲಿ ಮಾಡಿ, ನಮ್ಮ ಮನೆಗಳ ಹಳೇ ಲೆಕ್ಕಾನೂ ತೆಗೆಸಿದೆ. ನಿನ್ನೆ ಬೆಳಗಿನ ಸಭೇಲಿ ಅದನ್ನೇ ಹೇಳಿದೆ. ಇವತ್ತಿಂದ ನಮ್ಮ ಮನೆಗಳೂ ಒಳಗೆ ಅಂತ. ಬಾಸ್ ಕುರ್ಚಿ ಬಿಟ್ಟು ಎದ್ದು, ಪಟ್ಟಿ ವಾಪಸು ಹಾಕು ಅಂತ ಕೂಗಾಡಿದ್ರು. ಯಾಕೆ ಸಾರ್, ಇದರಲ್ಲಿ ಹೆಸರೇ ಇಲ್ವಲ್ಲ ಅಂದೆ."

"ಆಮೇಲೆ?"

"ಅರವತ್ತು ಜನ ಕೂತಿದ್ರು. ನನ್ನ ಮನೆ ಲೆಕ್ಕದ ಹಾಳೇನ ಅವರೆಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಸಂಜೆ ಹೊತ್ತಿಗೆ ಪ್ರೋಗ್ರಾಂ ನಿಲ್ಲಿಸಿದ್ರು. ಸದ್ಯಕ್ಕೆ ಅಂತ. ನನಗೂ ಸದ್ಯಕ್ಕೆ ಮನೇಲಿರು ಅಂದಿದಾರೆ." ಹಾಳೆಯನ್ನು ಮೇಜಿನ ಮೇಲಿಟ್ಟ. "ಇದು ಅದೇ."

ಅವಳು ಬಿಡಿಸಿದಳು. ಹೆಸರಿಲ್ಲ. ಬರೀ ಒಂದು ಮನೆಯ ನಂಬರು, ಕೆಳಗೆ ಸೈಟುಗಳು.

ತುಟಿ ನೋಡಿ ಮಾತು ತಿಳಿಯುವ ಪಾಠಶಾಲೆ: ದಿನವೂ ಬೆಳಿಗ್ಗೆ ಆರರಿಂದ ಏಳು.

ಕಿವಿ ಮಂದವಾದವರ ಮನೆಯವರಿಗಾಗಿ: ನಲವತ್ತೊಂದು ಸಲ.

ಉಂಗುರದ ಅಂಗಡಿ: ಮೂರು ಸಲ.

ಕೆಲಸ ಹುಡುಕುವವರಿಗೆ: ನಿನ್ನೆಯಿಂದ. ಈ ಸಾಲು ಮಾತ್ರ ಪೆನ್ನಿನಲ್ಲಿ ಬರೆದದ್ದು.

ಮೊದಲ ಸಾಲು ಶುರುವಾದ ತಾರೀಖು ನೋಡಿದಳು. ಟೋಕನ್ ನಲವತ್ತೆರಡರ ಮರುದಿನ. ಅಕ್ಷರಗಳು ಮಸುಕಾದವು... ಲಕೋಟೆ ಒಡೆಯದೆಯೇ ಎಲ್ಲವೂ ಗೊತ್ತಾಗುತ್ತದಲ್ಲ!

"ಉಂಗುರದ ಸಾಲಿಗೆ ಎಲ್ಲರೂ ನಕ್ರು," ಎಂದ ಅವನು. "ಆವಾಗ ನನಗೆ ಗೊತ್ತಾಯ್ತು, ನಿಮಗೆ ಹೇಗಾಗಿರಬೇಕು ಅಂತ."

"ಪೂರ್ತಿ ಗೊತ್ತಾಗಿಲ್ಲ. ನಿಮ್ಮದನ್ನ ನೀವೇ ಓದಿದ್ರಿ. ನನ್ನದನ್ನ ನನ್ನ ಕೇಳದೆ ಓದಿದ್ರು. ಎರಡೂ ಒಂದಲ್ಲ."

"ಒಂದಲ್ಲ. ಅದಕ್ಕೇ ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ."

ಆ ಮಾತಿಗೆ ಅವನು ಯಾವ ಸಮಜಾಯಿಷಿಯನ್ನೂ ಹಚ್ಚಲಿಲ್ಲ. ಅವಳು ಕಾದು ನೋಡಿದಳು. ಇಲ್ಲ, ಹಚ್ಚಲಿಲ್ಲ. ಅವನು ತಿರುಗಿ ಬಾಗಿಲ ಕಡೆ ಹೊರಟ.

"ಎಲ್ಲಿಗೆ? ಕೂತ್ಕೊ."

ಕೂತ್ಕೊ! ಅವನು ನಿಂತಲ್ಲೇ ಕಲ್ಲಾದ. ಆಮೇಲೆ ಅಭ್ಯಾಸಬಲದಿಂದ ಅವಳ ಬಲಗಡೆಯ ಸ್ಟೂಲಿಗೆ ಕೈ ಹಾಕಿದ.

"ಆ ಕಡೆ ಅಲ್ಲ. ಎಡಕ್ಕೆ ಬಾ."

ಅವಳು ಕೂದಲನ್ನು ಹಿಂದಕ್ಕೆ ಸರಿಸಿದಳು. ಎಡಗಿವಿಯ ಹಿಂದೆ ಕಡಲೆಬೀಜದಷ್ಟು ದೊಡ್ಡ ಯಂತ್ರ ಎಲ್ಲರಿಗೂ ಕಾಣುವಂತೆ ಕೂತಿತ್ತು. ಗಾಜಿನ ಆಚೆ ಮಾವ ಯಾವುದೋ ವೈರು ಹುಡುಕುವವನಂತೆ ಬಗ್ಗಿದ.

"ಈಗ ಹೇಳು, ಮೂರನೇ ಸಾಲು ಏನು?"

ಅವನು ಅವಳ ಎಡಗಿವಿಯ ಹತ್ತಿರ ಬಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಮಾತಾಡಿದಷ್ಟೇ ಮೆತ್ತಗೆ ಹೇಳಿದ. "ಉಂಗುರ. ಅಳತೆ ಗೊತ್ತಿಲ್ಲದೆ ಮೂರು ಸಲವೂ ವಾಪಸು ಬಂದೆ. ನಿನ್ನನ್ನ ಕೇಳದೆ ನಿನ್ನ ಬಗ್ಗೆ ಏನನ್ನೂ ತಿಳ್ಕೊಳ್ಳಲ್ಲ ಇನ್ಮೇಲೆ. ನನ್ನ ಮದುವೆ ಆಗ್ತೀಯಾ?"

"ಕೇಳಿಸ್ಲಿಲ್ಲ."

"ಸುಳ್ಳು!"

"ಹೌದು, ಸುಳ್ಳು," ಎಂದಳು ಅವಳು, ಬೆರಳನ್ನು ಅವನ ಅಂಗೈಯಲ್ಲಿಡುತ್ತಾ. "ಇನ್ನೊಂದು ಸಲ ಹೇಳು."