ಕೊಟ್ಟ ಪಾಲು

ದೀಪಾಲಿ ತನ್ನ ಲಿವರಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಗಂಡನಿಗೆ ಕೊಟ್ಟಿದ್ದಳು. ಅದರಿಂದಲೇ ಈಶ್ವರ ಬದುಕಿದ್ದ. ಕಾಗವಾಡದ ದ್ರಾಕ್ಷಿ ತೋಟದಲ್ಲಿ ಮತ್ತೆ ಓಡಾಡುತ್ತಿದ್ದ, ಜೀಪು ಓಡಿಸುತ್ತಿದ್ದ, ಉಂಡದ್ದು ಅರಗುತ್ತಿತ್ತು. ಒಂದು ದಿನ ಅವಳು ಸೀರೆ ಬದಲಿಸುವಾಗ ಅವನು ಮುಖ ತಿರುಗಿಸಿದ.

"ಆ ಹೊಲಿಗಿ ಮುಚ್ಚಿಕೋ. ನೋಡಿದ್ರ ಹೊಟ್ಟ್ಯಾಗ ಕಸಿವಿಸಿ ಆಗತೈತಿ."

ಅವಳು ಮುಚ್ಚಿಕೊಂಡಳು. ಅಳು ಬರಲಿಲ್ಲ.

ಹಾರೂಗೇರಿಯ ಮನೀಷಾ ಎಂಬವಳನ್ನು ಎರಡನೆಯ ಹೆಂಡತಿಯಾಗಿ ಮನೆಗೆ ಕರೆತರುವುದಾಗಿ ಅವನು ಹೇಳಿದ್ದು ಆಮೇಲೆ, ಊಟಕ್ಕೆ ಕೂತಾಗ, ತಾಯಿಯ ಎದುರಿಗೇ. ಸೋನಾಬಾಯಿ ಮಗನಿಗೆ ಮಜ್ಜಿಗೆ ಬಡಿಸುತ್ತ ಸೊಸೆಯ ಕಡೆ ನೋಡದೆ, "ನಿನಗೇನ್ ಹೋಗಂತ ಯಾರೂ ಅನ್ನಂಗಿಲ್ಲ. ನೀನೂ ಇರವಾ," ಎಂದಳು. ದೀಪಾಲಿ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬಿಸಿ ರೊಟ್ಟಿ ಬೆರಳು ಸುಟ್ಟದ್ದು ಗೊತ್ತಾಗಲೇ ಇಲ್ಲ. ಕೊಟ್ಟದ್ದನ್ನು ವಾಪಸು ಪಡೆಯಬೇಕು ಎಂದು ಅನಿಸಿದ್ದು ಆಗ.

ದಾರಿಯನ್ನು ಡಾಕ್ಟರೇ ತೋರಿಸಿದ್ದರು. ಆಪರೇಷನ್ ಆದ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆದಿತ್ತು. ಲಿವರ್ ಕಸಿಯಾದವರಿಗೆ ಮುಂದೆ ಎಷ್ಟು ಔಷಧ ಸಾಕು ಎಂದು ಪರೀಕ್ಷಿಸುವ ಕೆಲಸ. ಈಶ್ವರನೂ ಅದರಲ್ಲಿ ಸೇರಿದ್ದ. ಸೇರಿದ ದಿನ ಡಾಕ್ಟರು ದೀಪಾಲಿಗೆ ಬಿಡಿಸಿ ಹೇಳಿದ್ದರು: ಬೇರೆಯವರ ಲಿವರನ್ನು ಮೈ ವೈರಿ ಎಂದೇ ತಿಳಿಯುತ್ತದೆ, ಈ ಕ್ಯಾಪ್ಸೂಲು ಮೈಯನ್ನು ಸುಮ್ಮನಿರಿಸುತ್ತದೆ, ಔಷಧ ನಿಂತರೆ ಮೈಯೇ ಲಿವರನ್ನು ಹಾಳು ಮಾಡಬಹುದು.

ಅಂದಮೇಲೆ ವಿಷ ಏಕೆ ಬೇಕು? ಔಷಧ ಇಲ್ಲದಿದ್ದರೆ ಸಾಕು. ಕಣ್ಣು ಹಳದಿಯಾಗುತ್ತದೆ, ಹೊಟ್ಟೆ ಊದುತ್ತದೆ. ಪಾಪ, ಹೆಂಡತಿ ಕೊಟ್ಟರೂ ಹತ್ತಲಿಲ್ಲ ಎಂದು ಊರು ಮರುಗುತ್ತದೆ. ಪಾಲು ಕೊಟ್ಟವಳ ಮೇಲೆ ಯಾರು ಸಂಶಯಪಡುತ್ತಾರೆ?

ಮಧ್ಯಾಹ್ನ ಅತ್ತೆ ಮಲಗಿದಾಗ ಅವಳು ಡಬ್ಬಿಯ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ತಿರುವಿ ಬಿಚ್ಚಿದಳು. ಒಳಗಿನ ಪುಡಿ ಬಚ್ಚಲಿಗೆ ಹೋಯಿತು. ಅದರ ಜಾಗದಲ್ಲಿ ತೆಳುಬಟ್ಟೆಯಲ್ಲಿ ಸೋಸಿದ ಜೋಳದ ಹಿಟ್ಟು ತುಂಬಿ, ಮುಚ್ಚಿ, ಸೆರಗಿನಿಂದ ಒರೆಸಿದಳು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಔಷಧದ ಪ್ರಮಾಣ ನೋಡುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಒಂದಿಷ್ಟು ನಿಜವಾದವನ್ನು ಬೇರೆ ತೆಗೆದಿಟ್ಟಳು. ತಪಾಸಣೆ ಹತ್ತಿರ ಬಂದಾಗ ಅವನ್ನು ಕೊಡುವುದು, ಮುಗಿದ ಮೇಲೆ ಮತ್ತೆ ಹಿಟ್ಟು. ಬೆಳಿಗ್ಗೆ, ಸಂಜೆ ಕ್ಯಾಪ್ಸೂಲನ್ನೂ ನೀರಿನ ತಂಬಿಗೆಯನ್ನೂ ಅವನ ಕೈಗಿಟ್ಟು ಒಲೆಯ ಮುಂದೆ ಬರುತ್ತಿದ್ದಳು.

ದ್ರಾಕ್ಷಿ ಕೊಯ್ಲು ಮುಗಿಯಿತು. ಈಶ್ವರನ ಕಣ್ಣು ಹಳದಿಯಾಗಲಿಲ್ಲ. ಬದಲಿಗೆ ಮೈ ತುಂಬಿಕೊಂಡ, ಆಪರೇಷನ್ ಆದಾಗಿನಿಂದ ಇದ್ದ ಕೈನಡುಕ ನಿಂತಿತು, ಮನೀಷಾಳ ಮನೆಗೆ ಹೊಸ ಅಂಗಿ ಹಾಕಿಕೊಂಡು ಹೋದ. ನಿಧಾನಕ್ಕೆ ಆಗುವ ಕೆಲಸ ಎಂದುಕೊಂಡು ದೀಪಾಲಿ ಹಿಟ್ಟು ತುಂಬುತ್ತಲೇ ಇದ್ದಳು. ಅದರಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅಕ್ಕಿ ಆರಿಸುವಷ್ಟೇ ಸಹಜವಾಗಿ ಕೈ ಆಡುತ್ತಿತ್ತು.

ಮುಂದಿನ ತಪಾಸಣೆಗೆ ಇಬ್ಬರೂ ಹೋದರು. ಡಾಕ್ಟರು ರಿಪೋರ್ಟು ನೋಡಿ ನಕ್ಕರು.

"ನಮ್ಮ ಸಂಶೋಧನೆಯಲ್ಲಿ ಇರುವವರಲ್ಲಿ ನಿಮ್ಮ ಲಿವರೇ ಎಲ್ಲಕ್ಕಿಂತ ಚೆನ್ನಾಗಿದೆ."

ಈಶ್ವರ ತಲೆ ಕೆರೆದುಕೊಂಡ. "ಸಾಹೇಬ್ರ, ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ್ರಿ. ನಾ ಆ ಔಷಧ ಬಿಟ್ಟು ಭಾಳ ದಿನಾ ಆತ್ರಿ. ತಗೊಂಡ್ರ ಕೈ ನಡಗತಿತ್ರಿ, ಜೀಪ್ ಹೊಡ್ಯಾಕ ಭಾಳ ತ್ರಾಸ ಆಗ್ತಿತ್ರಿ. ಇಲ್ಲಿ ಬರೂ ಮುಂದ ಅಷ್ಟ ತಗೋತಿದ್ದೆ. ಮನ್ಯಾಗ ಇಕಿಗೂ ಹೇಳಿಲ್ರಿ."

ದೀಪಾಲಿ ಅವನನ್ನೇ ನೋಡಿದಳು. ಅವನು ನುಂಗುವುದನ್ನು ಅವಳು ಒಂದು ದಿನವೂ ನಿಂತು ನೋಡಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇದು ಅಪಾಯದ ಆಟ. ಆದರೆ ಕೆಲವರ ಮೈ, ಕೊಟ್ಟವರ ಲಿವರನ್ನು ತನ್ನದೇ ಎಂದು ಒಪ್ಪಿಕೊಂಡುಬಿಡುತ್ತದೆ. ನಾವು ಹುಡುಕುತ್ತಿರುವುದೇ ಅಂಥವರನ್ನು. ಬಿಟ್ಟ ಔಷಧವನ್ನೆಲ್ಲ ಎಸೆದ್ರಾ?"

"ಏ, ಇಲ್ರಿ. ಅಷ್ಟ್ ತುಟ್ಟಿ ಔಷಧ, ಚೆಲ್ಲಾಕ ಮನಸ್ಸ ಬರ್ಲಿಲ್ಲ. ಜೀಪಿನ್ಯಾಗ ಇಟ್ಟೀನ್ರಿ, ತರ್ತೀನಿ."

ಅವನು ಹೋಗಿ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರಿದ. ದೀಪಾಲಿ ಚೀಲದತ್ತ ಕೈ ಚಾಚಿದಳು. ಅವಳು ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಹುಳ ಬೀಳುತ್ತದೆ ಎಂಬುದೊಂದನ್ನು ಬಿಟ್ಟು. ಡಾಕ್ಟರು ಒಂದು ಕ್ಯಾಪ್ಸೂಲನ್ನು ಅಂಗೈಗೆ ತೆಗೆದುಕೊಂಡರು. ಅದರ ಪಕ್ಕದಲ್ಲೊಂದು ಸಣ್ಣ ತೂತಿತ್ತು. ಅದರೊಳಗಿಂದ ಒಂದು ಕಂದು ಹುಳ ಬೆನ್ನ ಮೇಲಿನ ಬಿಳಿ ಹಿಟ್ಟಿನ ಸಮೇತ ಹೊರಬಂದು, ಅವರ ಬೆರಳ ಮೇಲೆ ನಿಧಾನವಾಗಿ ನಡೆಯತೊಡಗಿತು.