ಎರಡು ಹಲ್ಲಿನ ತಪ್ಪು

“ಟೈಮಿಂಗ್ ಬೆಲ್ಟಾ? ಅಷ್ಟಕ್ಕೆಲ್ಲ ಗ್ಯಾರೇಜ್ ಯಾಕೆ ಮೇಡಂ? ನಾನೇ ಎರಡು ಸಲ ಹಾಕಿದ್ದೀನಿ.”

ಹೇಳಿಬಿಟ್ಟ ಮೇಲೆ ಅವನಿಗೇ ನಂಬಿಕೆ ಬರಲಿಲ್ಲ. ಎರಡು ಸಲವಂತೆ! ಆ ಬಿಲ್ಡಿಂಗಿನವರಿಗೆಲ್ಲ ಅವನು ಲೆಕ್ಕದ ಮೇಷ್ಟ್ರು. ಕಾರಿನ ಬಾನೆಟ್ ಎತ್ತಿದ್ದೇನಾದರೂ ಇದ್ದರೆ ನೀರು ತುಂಬಿಸುವುದಕ್ಕೆ, ಅದೂ ಭಾವನ ಕಾರಿಗೆ.

ಎರಡು ಮೆಟ್ಟಿಲು ಮೇಲೆ ಅವಳು ನಿಂತಿದ್ದಳು. ಮೂರನೇ ಮಹಡಿಯವಳು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರ ಮನೆಗಳಿಗೆ ಹೋಗಿ, ಅವರ ಎದುರು ಕನ್ನಡಿ ಹಿಡಿದು, ತುಟಿ ಹೇಗೆ ತೆರೆಯಬೇಕು, ನಾಲಿಗೆ ಎಲ್ಲಿ ತಾಗಬೇಕು ಎಂದು ಮೊದಲಿನಿಂದ ಕಲಿಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಮಾತಿನ ಮೇಡಂ ಎನ್ನುತ್ತಿದ್ದರು. ಅವಳು ಎದುರಾದಾಗಲೆಲ್ಲ ಅವನಿಗೇ ಮಾತು ಮರೆತುಹೋಗುತ್ತಿತ್ತು. ಇವತ್ತು ಬಾಯಿ ಬಿಟ್ಟರೆ ಬಂದದ್ದು ಇಂಥ ಮಾತು.

“ನಿಜವಾಗ್ಲೂ?” ಅವಳ ಹುಬ್ಬು ಮೇಲೇರಿತು. ಕಣ್ಣಲ್ಲಿ ಹೊಳೆದದ್ದು ಬೆರಗೋ ತುಂಟತನವೋ ಅವನಿಗೆ ತಿಳಿಯಲಿಲ್ಲ. “ಲೆಕ್ಕ ಬರೆಯೋ ಕೈಗೆ ಸ್ಪ್ಯಾನರ್ ಹಿಡಿಯೋಕೂ ಬರುತ್ತಾ?”

“ಭಾನುವಾರ ನೀವೇ ನೋಡಿ.”

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ವಿಷಯ ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀನು ಬೆಲ್ಟ್ ಹಾಕೋದಾ? ಪ್ಯಾಂಟಿಗೆ ಹಾಕ್ಕೊಳ್ಳೋ ಅಂತ ದಿನಾ ಬೆಳಿಗ್ಗೆ ನಾನು ಕೂಗಬೇಕು!”

ಭಾವ ನಗಲಿಲ್ಲ. “ಬೇಡ ಕಣಯ್ಯ. ಅದು ಎಂಜಿನ್ ಕೆಲಸ. ಈಗಲೇ ಹೋಗಿ ಆಗಲ್ಲ ಅಂದ್ಬಿಡು.”

ಅನ್ನಬಹುದಿತ್ತು. ಅದರ ಬದಲು ಅವನು ನಾಲ್ಕು ದಿನ ಫೋನಿನಲ್ಲಿ ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡ. ಎಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಒಂದೇ ತಾಳದಲ್ಲಿ ತಿರುಗಿಸುವ, ಹಲ್ಲುಗಳುಳ್ಳ ರಬ್ಬರ್ ಪಟ್ಟಿ ಅದು. ಎರಡೂ ಚಕ್ರಗಳ ಗುರುತು ಹೊಂದಿಸಿ ಹಾಕಬೇಕು. ತಾಳ ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದಿ ಎಂಜಿನ್ನೇ ಹಾಳಾಗುತ್ತದೆ. ಕಾಗದದ ಮೇಲೆ ಎಲ್ಲ ಸಲೀಸಾಗಿ ಕಂಡಿತು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನ ಶೀಟಿನ ನೆರಳಲ್ಲಿ ಕಾರು ನಿಂತಿತ್ತು. ಭಾವನ ಜ್ಯಾಕು, ಒಂದು ಸಾಕೆಟ್ ಸೆಟ್ಟು, ಎರಡು ಸ್ಕ್ರೂ ಡ್ರೈವರು, ಎಣ್ಣೆ ಒರೆಸಲು ಅಕ್ಕನ ಹಳೇ ದಿಂಬಿನ ಕವರು. ಅಂಗಡಿಯಿಂದ ತಂದ ಹೊಸ ಬೆಲ್ಟು ಡಬ್ಬದಲ್ಲಿತ್ತು. ಅವಳು ಕೂದಲನ್ನು ಎತ್ತಿ ಕಟ್ಟಿ, ಅಪ್ಪನ ಹಳೆಯ ಶರ್ಟು ಹಾಕಿಕೊಂಡು ಬಂದಿದ್ದಳು. ಕಾರೂ ಅವಳ ಅಪ್ಪನದೇ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

“ಹದಿನಾಲ್ಕು,” ಅವನು ಕೈ ಚಾಚುತ್ತಿದ್ದ. ಅವಳು ಸಾಕೆಟ್ ಅಂಗೈಯಲ್ಲಿಡುತ್ತಿದ್ದಳು. ಬೆರಳಿಗೆ ಬೆರಳು ಒಂದು ಕ್ಷಣ ತಾಗುತ್ತಿತ್ತು.

“ಹದಿನೇಳು.”

“ಇದು ಮಗ್ಗಿನಾ, ರಿಪೇರಿನಾ?”

ಅವನು ನಕ್ಕ. ಕಾರಿನ ಮುಂದಿನ ಚಕ್ರ ಬಿಚ್ಚಿ, ಬೆಲ್ಟಿನ ಕವರು ತೆಗೆದು, ಕೆಳಗಿನ ದೊಡ್ಡ ಬೋಲ್ಟಿನ ಜೊತೆ ಇಬ್ಬರೂ ಸೇರಿ ಅರ್ಧ ಗಂಟೆ ಗುದ್ದಾಡಿದರು. ಅದು ಸಡಿಲವಾದಾಗ ಅವಳು ಚಪ್ಪಾಳೆ ತಟ್ಟಿದಳು. ಅವನ ಮೂಗಿನ ಮೇಲೆ ಗ್ರೀಸ್ ಹತ್ತಿತ್ತು. ಅವಳು ದಿಂಬಿನ ಕವರಿನ ಶುಭ್ರವಾದ ಮೂಲೆ ಹುಡುಕಿ, ತೀರ ಹತ್ತಿರ ಬಂದು, ಒರೆಸಿದಳು. ಅವಳ ಉಸಿರು ಕೆನ್ನೆಗೆ ತಾಗಿತು. ಗುರುತು ಹೊಂದಿಸಿ ಹೊಸ ಬೆಲ್ಟು ಕೂರಿಸುವಾಗಲೂ ಅವನ ತಲೆಯಲ್ಲಿ ಆ ಉಸಿರೇ ಇತ್ತು.

ಕೊನೆಯಲ್ಲಿ ಒಂದು ಕೆಲಸ ಉಳಿದಿತ್ತು. ಕೀ ಹಾಕುವ ಮುಂಚೆ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಅರ್ಧ ಸುತ್ತಿಗೆ ಸ್ಪ್ಯಾನರ್ ನಿಂತಿತು. ಒಳಗೆ ಏನೋ ಗಟ್ಟಿಯಾದದ್ದು ಅಡ್ಡ ಬಂದಂತೆ.

“ಯಾಕೆ, ಏನಾಯ್ತು?”

ನಿಲ್ಲಿಸಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಅವಳು ಅವನನ್ನು ನೋಡುತ್ತಿದ್ದ ರೀತಿ! ಹಾಗೆ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

“ಏನಿಲ್ಲ. ಒಳಗಿನ ಗಾಳಿ ಒತ್ತಡ. ಹಾಗೇ ಇರುತ್ತೆ. ಕೀ ತಿರುಗಿಸಿ.”

ಅವಳು ತಿರುಗಿಸಿದಳು. ಕಬ್ಬಿಣದ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದಂಥ ಸದ್ದು ಎರಡು ಸೆಕೆಂಡು. ಆಮೇಲೆ ಏನೂ ಇಲ್ಲ.

ಅವನು ಬಗ್ಗಿ ಬೆಲ್ಟಿನ ಚಕ್ರಗಳನ್ನು ನೋಡಿದ. ಮೇಲಿನ ಗುರುತು ಎರಡು ಹಲ್ಲು ಆಚೆ ಹೋಗಿತ್ತು. ವಾಲ್ವುಗಳು ಬಾಗಿಹೋಗಿರಬೇಕು. ಅವಳ ಅಪ್ಪನ ಎಂಜಿನ್ನನ್ನು ಅವನು ಕೊಂದಿದ್ದ.

“ಏನಾಯ್ತು?” ಅವಳ ದನಿ ಸಣ್ಣದಾಗಿತ್ತು.

“ಬೆಲ್ಟು ಕಳಪೆ ಅನ್ಸುತ್ತೆ,” ಅಂದ ಅವನು. “ಹಲ್ಲು ಜಾರಿದೆ. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ.”

ಆ ಸುಳ್ಳು ಅವನು ಯೋಚಿಸಿ ಹೇಳಿದ್ದಲ್ಲ. ಆದರೆ ಆಮೇಲೆ ಆದದ್ದಕ್ಕೆ ಆ ನೆಪವೂ ಇರಲಿಲ್ಲ.

ಅವಳು ಬೆಲ್ಟು ಬಿಚ್ಚಿಸಿ, ಕೈಯಲ್ಲಿ ಹಿಡಿದು, ನೇರವಾಗಿ ಬೀದಿ ಕೊನೆಯ ಬಿಡಿಭಾಗದ ಅಂಗಡಿಗೆ ನಡೆದಳು. ಅವನು ಹಿಂದೆ ಹಿಂದೆ ಹೋದ. ಅಂಗಡಿಯ ಯಜಮಾನರಿಗೆ ಅರವತ್ತು ದಾಟಿತ್ತು. ಅವರ ಪಕ್ಕ ಹೊಸದಾಗಿ ಮನೆಗೆ ಬಂದ ಸೊಸೆ ಬಿಲ್ ಬರೆಯುತ್ತಿದ್ದಳು. ನಾಲ್ಕೈದು ಗಿರಾಕಿಗಳು ನಿಂತಿದ್ದರು.

“ಇದನ್ನ ಯಾವ ಮುಖ ಇಟ್ಕೊಂಡು ಮಾರ್ತೀರಿ?” ಅವಳು ಬೆಲ್ಟನ್ನು ಗಲ್ಲಾದ ಮೇಲೆ ಎಸೆದಳು. “ನಮ್ಮಪ್ಪನ ಕಾರು ಅದು! ನಿಮ್ಮ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ? ಮೋಸದ ಮಾಲು ಕೊಟ್ಟು ಎಷ್ಟು ಜನರ ಮನೆ ಹಾಳು ಮಾಡಿದ್ದೀರಿ?”

ಯಜಮಾನರು ಬೆಲ್ಟನ್ನು ತೆಗೆದುಕೊಂಡರು. ಹೆಬ್ಬೆರಳನ್ನು ಹಲ್ಲುಗಳ ಮೇಲೆ ನಿಧಾನವಾಗಿ ಆಡಿಸಿದರು. ಒಂದೂ ಸವೆದಿರಲಿಲ್ಲ, ಒಂದೂ ಹರಿದಿರಲಿಲ್ಲ. ಆಮೇಲೆ ತಲೆಯೆತ್ತಿ, ಅವಳನ್ನಲ್ಲ, ಅವಳ ಹಿಂದೆ ನಿಂತಿದ್ದ ಅವನ ಕೈಗಳನ್ನು ನೋಡಿದರು. ಗ್ರೀಸ್ ಮೆತ್ತಿದ ಕೈಗಳು. ಅವನು ಎರಡನ್ನೂ ಜೇಬಿಗೆ ತುರುಕಿಕೊಂಡ.

“ಆಗಲಮ್ಮ,” ಅಂದರು ಅವರು. “ಬೇರೆ ಕೊಡ್ತೀನಿ. ತಪ್ಪಾಯ್ತು.”

ಗಿರಾಕಿಗಳಲ್ಲಿ ಒಬ್ಬ ಕೈಯಲ್ಲಿದ್ದ ಫಿಲ್ಟರನ್ನು ಗಲ್ಲಾದ ಮೇಲೆ ಇಟ್ಟು ಸುಮ್ಮನೆ ಹೊರಟುಹೋದ.

ಆ ವಾರ ಅವನು ಬೇಗ ಶಾಲೆಗೆ ಹೋಗಿ ತಡವಾಗಿ ಬಂದ. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಕೇಳಿದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದ. ಅವಳು ಭಾರದ ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟಾಪಿಗೆ ನಡೆಯುವುದನ್ನು ಕಿಟಕಿಯಿಂದ ನೋಡುತ್ತಿದ್ದ. ಬುಧವಾರ ಬೆಳಿಗ್ಗೆ ಗೇಟಿನಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ.

“ನೀವೇನು ಮುಖ ತಪ್ಪಿಸ್ತಿದ್ದೀರಿ?” ಅವಳು ದಣಿದಿದ್ದಳು, ಆದರೂ ನಕ್ಕಳು. “ಅಂಗಡಿಯವರ ತಪ್ಪಿಗೆ ನೀವು ಕೊರಗೋದಾ? ನನಗಾಗಿ ಒಂದು ದಿನ ಪೂರ್ತಿ ಬೆವರು ಸುರಿಸಿದ್ರಿ. ಅದನ್ನ ಮರೆಯಲ್ಲ ನಾನು.”

“ಕೆಲಸ... ಕಷ್ಟ ಆಗ್ತಿದೆಯಾ?”

“ಸ್ವಲ್ಪ. ಊರಾಚೆ ಒಬ್ಬರು ತಾತ ಇದ್ದಾರೆ. ಹೋದ ವಾರ ಮೊದಲನೇ ಸಲ ಹೆಂಡತಿ ಹೆಸರಿನ ಅರ್ಧ ಹೇಳಿದ್ರು. ಅಲ್ಲಿಗೆ ಬಸ್ಸಿಲ್ಲ.” ಅವಳು ಚೀಲ ಇನ್ನೊಂದು ಹೆಗಲಿಗೆ ಬದಲಿಸಿದಳು. “ಇನ್ನರ್ಧ ಕಾಯ್ತಾ ಇದೆ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಸಮಾಧಾನ ಮಾಡಿದ್ದು ಅವನನ್ನು ನೆಲಕ್ಕಿಳಿಸಿತು. ಅವತ್ತು ಬೋರ್ಡಿನ ಮೇಲೆ ಒಂದು ಲೆಕ್ಕ ತಪ್ಪು ಮಾಡಿದ. ಮಕ್ಕಳು ತೋರಿಸಿದಾಗ “ಹೌದು, ನನ್ನದೇ ತಪ್ಪು” ಅಂದ. ಎಷ್ಟು ಸಣ್ಣ ಮಾತು! ಅದು ಅಂಗಡಿಯಲ್ಲಿ ಯಾಕೆ ಬರಲಿಲ್ಲ?

ಶಾಲೆ ಬಿಟ್ಟವನು ಸೀದಾ ಅಂಗಡಿಗೆ ಹೋದ.

“ಬೆಲ್ಟು ಸರಿಯಾಗಿತ್ತು,” ಅಂದ. “ಹಾಕೋಕೆ ಬರದೆ ಹಾಕಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ.”

“ಗೊತ್ತು ಕಣಪ್ಪ.” ಯಜಮಾನರು ತಿರುಗಿಯೂ ನೋಡದೆ ಡಬ್ಬಗಳನ್ನು ಜೋಡಿಸುತ್ತಿದ್ದರು. “ಅವತ್ತೇ ಹೇಳಿದ್ರೆ ಆ ಹುಡುಗಿ ಎಲ್ಲರೆದುರು ತಲೆ ತಗ್ಗಿಸಬೇಕಾಗ್ತಿತ್ತು. ನೀವೇ ಹೇಳ್ತೀರಿ ಅಂತ ಒಂದು ನಿಮಿಷ ಕಾದೆ. ಹೇಳಲಿಲ್ಲ.”

“ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ.”

“ಬೈಸ್ಕೊಳ್ಳೋದು ನನಗೆ ಹೊಸದಲ್ಲ.” ಅವರ ಕೈ ನಿಂತಿತು. “ಸೊಸೆ ಬಂದು ಆರು ತಿಂಗಳು. ನನ್ನ ಅಂಗಡಿ ಹೀಗೆ ಹಾಗೆ ಅಂತ ಹೆಮ್ಮೆಯಿಂದ ಅವಳನ್ನ ಕೂರಿಸಿದ್ದೆ. ಅವತ್ತಿಂದ ಅವಳು ಒಂದೊಂದು ಡಬ್ಬಾನೂ ತೆಗೆದು ಒಳಗೆ ನೋಡಿ ಕೊಡ್ತಾಳೆ. ನನ್ನನ್ನ ಏನೂ ಕೇಳಲ್ಲ. ಅದೇ ಸಂಕಟ.”

ಅವನು ಗಲ್ಲಾದ ಹತ್ತಿರ ಹೋಗಿ ಸೊಸೆಯ ಎದುರು ಎಲ್ಲವನ್ನೂ ಮತ್ತೆ ಹೇಳಿದ. ಅವಳು ಪೂರ್ತಿ ಕೇಳಿದಳು. ಆಮೇಲೆ “ಮಾವ, ಕಾಫಿ ಮಾಡ್ಲಾ?” ಎಂದು ಒಳಗೆ ನಡೆದಳು. ಯಜಮಾನರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಇನ್ನೊಬ್ಬರಿಗೆ ಹೇಳುವುದು ಉಳಿದಿತ್ತು. ಮೂರನೇ ಮಹಡಿಗೆ ಅವನು ಹತ್ತಿದ್ದು ಅದೇ ಮೊದಲು. ಅವಳು ಬಾಗಿಲು ತೆಗೆದಳು, ಮುಖ ಅರಳಿತು, ಅವನು ಮಾತು ಮುಗಿಸುವಷ್ಟರಲ್ಲಿ ಬಾಡಿತು.

“ನಾನು ಅವರಿಗೆ ಏನೇನು ಅಂದೆ, ನೆನಪಿದೆಯಾ?”

“ಒಂದೊಂದು ಮಾತೂ.”

“ನೀವು ಪಕ್ಕದಲ್ಲೇ ಇದ್ರಿ.”

“ಇದ್ದೆ.”

“ಎಂಜಿನ್ ಹೋದ್ರೆ ಹೋಗ್ಲಿ.” ಅವಳ ಕಣ್ಣು ತುಂಬಿತ್ತು. “ನನ್ನ ಬಾಯಿಂದ ಅಂಥ ಮಾತು ಆಡಿಸಿದ್ರಲ್ಲ. ಅಪ್ಪನ ವಯಸ್ಸಿನವರಿಗೆ.” ಬಾಗಿಲು ಮುಚ್ಚಿಕೊಂಡಿತು. ಜೋರಾಗಿ ಅಲ್ಲ. ಮೆಲ್ಲಗೆ. ಅದೇ ಹೆಚ್ಚು ನೋಯಿಸಿತು.

ಅವನು ಸುಮ್ಮನೆ ಕೂರಲಿಲ್ಲ. ಅಕ್ಕನ ಮೂಲಕ ಅವಳ ಒಪ್ಪಿಗೆ ಪಡೆದ. ಯಜಮಾನರನ್ನೇ ಕೇಳಿ, ಅವರಿಗೆ ಗೊತ್ತಿದ್ದ ಹಳೆಯ ಮೆಕ್ಯಾನಿಕ್ಕನ್ನು ಕರೆಸಿದ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಬಿಚ್ಚಿದಾಗ ಬಾಗಿದ ವಾಲ್ವು ನಾಲ್ಕು. ಒಂದೊಂದನ್ನೂ ಅವನು ಕೈಯಲ್ಲಿ ಹಿಡಿದು ನೋಡಿದ. ಹೊಸ ವಾಲ್ವು ಕೂರಿಸಲು ಹೆಡ್ಡನ್ನು ಲೇತ್ ಅಂಗಡಿಗೆ ತಾನೇ ಹೊತ್ತುಕೊಂಡು ಹೋದ, ತಾನೇ ತಂದ. ಸಂಜೆಗಳಲ್ಲಿ ಮೆಕ್ಯಾನಿಕ್ ಹೇಳಿದಷ್ಟು ಮಾಡಿದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ. ದಿನಕ್ಕೆ ಇಪ್ಪತ್ತು ಸಲ.

ಅವಳು ಹೋಗುವಾಗ ಬರುವಾಗ ನೋಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಅವಳೂ ಅಂಗಡಿಗೆ ಒಬ್ಬಳೇ ಹೋಗಿ ಬಂದಳೆಂದೂ, ಯಜಮಾನರ ಕೈ ಹಿಡಿದುಕೊಂಡು ಅತ್ತಳೆಂದೂ ಅಕ್ಕ ಹೇಳಿದಳು.

ಒಂಬತ್ತನೇ ದಿನ ಅವಳು ಕೆಳಗಿಳಿದು ಬಂದು ಟೂಲ್ ಬಾಕ್ಸಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

“ಒಂದು ವಿಷಯ ನಾನೂ ಹೇಳಬೇಕು. ನೀವು ಯಾವತ್ತೂ ಬೆಲ್ಟ್ ಹಾಕಿಲ್ಲ ಅಂತ ನನಗೆ ಅವತ್ತೇ ಗೊತ್ತಾಗಿತ್ತು.”

ಅವನ ಕೈಯಿಂದ ನಟ್ಟು ಜಾರಿ ಉರುಳಿತು.

“ಹತ್ತು ನಿಮಿಷಕ್ಕೊಂದು ಸಲ ಕಾರಿನ ಕೆಳಗೆ ಹೋಗಿ ಫೋನ್ ನೋಡ್ತಿದ್ರಲ್ಲ? ಎರಡು ಸಲ ಹಾಕಿದೋರು ನೋಡ್ತಾರಾ?” ಅವಳು ನೆಲ ನೋಡುತ್ತಲೇ ಹೇಳಿದಳು. “ಅವತ್ತೇ ಸಾಕು ನಿಲ್ಲಿಸಿ ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮ ಭಾನುವಾರ ಮುಗಿದುಹೋಗುತ್ತಲ್ಲ ಅಂತ. ಬೆಲ್ಟೇ ಕಳಪೆ ಅಂದಾಗ ನಂಬಬೇಕು ಅನ್ಸಿತು, ನಂಬಿದೆ. ಅವರಿಗೆ ಬೈದಿದ್ದು ನನ್ನ ಬಾಯಿ. ಎಲ್ಲಾನೂ ನಿಮ್ಮ ಒಬ್ಬರ ತಲೆಗೇ ಕಟ್ಟೋಕೆ ನೋಡಿದೆ, ಆಗಲಿಲ್ಲ.”

ಅವನಿಗೆ ಸಮಾಧಾನವಾಗಲಿಲ್ಲ. ನಾಚಿಕೆ ಕರಗಲೂ ಇಲ್ಲ. ಆದರೆ ಅದನ್ನು ಹೊರಲು ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಅವಳು ನಟ್ಟು ಹುಡುಕಿ ಅವನ ಅಂಗೈಯಲ್ಲಿಟ್ಟಳು. ಬೆರಳುಗಳನ್ನು ತಕ್ಷಣ ತೆಗೆಯಲಿಲ್ಲ.

ಶನಿವಾರ ಮಧ್ಯಾಹ್ನ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಕೈ ತೊಳೆದುಕೊಂಡು ಹೊರಟ. ಅವಳು ಸ್ಟಿಯರಿಂಗ್ ಹಿಡಿದಳು. ಓಡಿಸಿ ನೋಡುವಾಗ ಸದ್ದು ಕೇಳಲು ಒಬ್ಬರು ಬೇಕು ಎಂದು ಅವನೂ ಹತ್ತಿದ. ಊರ ಹೊರಗಿನ ರಸ್ತೆಯಲ್ಲಿ, ಮೇಲ್ಸೇತುವೆ ಇಳಿದ ಮೇಲೆ, ಅವಳು ಬದಿಗೆ ನಿಲ್ಲಿಸಿದಳು.

“ಏನಾದ್ರೂ ಸದ್ದು ಬಂತಾ?”

“ಇಲ್ಲ. ನಾನು ಏನೋ ಹೇಳಬೇಕು.” ಅವನು ಸೀಟ್ ಬೆಲ್ಟ್ ಬಿಚ್ಚಿದ. “ನೀವಂದ್ರೆ ನನಗೆ...” ಅಷ್ಟಕ್ಕೇ ನಿಂತಿತು.

ಅವಳು ಅವಸರ ಮಾಡಲಿಲ್ಲ. ಮಾತು ಬರದವರ ಎದುರು ದಿನವೂ ಕೂರುವವಳು. ಕಾಯುವುದು ಅವಳಿಗೆ ಗೊತ್ತಿತ್ತು.

“ನೀವಂದ್ರೆ ನನಗೆ ತುಂಬ ಇಷ್ಟ. ಅದಕ್ಕೇ ದೊಡ್ಡವನ ಹಾಗೆ ಕಾಣೋಕೆ ಹೋಗಿ ಇಷ್ಟು ಚಿಕ್ಕವನಾದೆ. ಇದನ್ನ ಕೇಳಿ ನಿಮಗೆ ಏನೂ ಅನ್ನಿಸಬೇಕಾಗಿಲ್ಲ. ಬೇಕಾದ್ರೆ ನಾನು ಇಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ.” ಅವನ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

ಒಂದು ಲಾರಿ ದಾಟಿಹೋಯಿತು. ಅದರ ಗಾಳಿಗೆ ಕಾರು ಸಣ್ಣಗೆ ತೂಗಿತು. ಅವಳು ಕೈ ಚಾಚಿ, ಅವನ ಎದೆಯ ಮುಂದಿನಿಂದ ಹಾಯಿಸಿ, ಹಿಡಿಯ ಮೇಲಿದ್ದ ಅವನ ಕೈಯನ್ನು ಬಿಡಿಸಿ, ತನ್ನ ಕೈಯೊಳಗೆ ಇಟ್ಟುಕೊಂಡಳು. ಕಿವಿಯ ತುದಿಯವರೆಗೂ ಕೆಂಪಾಗಿದ್ದಳು.

“ಇಳೀಬೇಡ,” ಅಂದಳು. “ಕೂತ್ಕೋ.”