ಉಪವಾಸದ ಮೀನುಗಳು

ಮೀನುಗಳನ್ನು ಉಪವಾಸ ಕೆಡವಿ ನಡೆಸುವ ಪ್ರಯೋಗವೆಂದರೆ ನಮ್ಮ ಮೇಷ್ಟ್ರಿಗೆ ಆಗುತ್ತಿರಲಿಲ್ಲ. "ಹೊಟ್ಟೆಗಿಲ್ಲದೆ ಹೇಗಮ್ಮಾ ಇರ್ತಾವೆ?" ಎನ್ನುತ್ತಾ, ಗಾಜಿನ ತೊಟ್ಟಿಯ ಮೂಲೆಗೆ ಉಂಗುರದಿಂದ ತಟ್ಟಿ, ಕದ್ದು ಮೇವಿನ ಕಾಳು ಉದುರಿಸುತ್ತಿದ್ದರು. ನಾನು ಎಷ್ಟು ರೇಗಿದರೂ ಅಷ್ಟೇ. ಅವರು ತೀರಿಕೊಂಡ ಮೇಲೆ ಅದೇ ಪ್ರಯೋಗವನ್ನು ಹೊಸದಾಗಿ ಶುರುಮಾಡಿ, ಕೋಣೆಗೆ ಬೀಗ ಜಡಿದೆ. ಇದ್ದ ಒಂದೇ ಕೀಲಿ ನನ್ನ ಚೀಲದಲ್ಲಿತ್ತು.

ವಾರ ಕಳೆದು ಮಟಮಟ ಮಧ್ಯಾಹ್ನ ಬಾಗಿಲು ತೆಗೆದರೆ, ಮೀನುಗಳೆಲ್ಲ ಆ ಮೂಲೆಯಲ್ಲೇ ಮುತ್ತಿಕೊಂಡಿದ್ದವು. ಹತ್ತಿರ ಹೋದರೂ ನನ್ನತ್ತ ಒಂದೂ ತಿರುಗಲಿಲ್ಲ. ತಣ್ಣನೆಯ ಗಾಜು ಅಲ್ಲಿ ಮಾತ್ರ ಅಂಗೈಯಗಲ ಬೆಚ್ಚಗಿತ್ತು.

"ಇವು ಸೊರಗೇ ಇಲ್ವಲ್ಲ ಮೇಡಂ," ಎಂದಳು ಜೊತೆಗಿದ್ದ ನನ್ನ ವಿದ್ಯಾರ್ಥಿನಿ.

ಒಂದನ್ನು ಹಿಡಿದು ಹೊಟ್ಟೆ ಸೀಳಿದೆ. ಒಳಗೆ ತುಂಬ ಕಾಳು. ಒಂದೂ ಇನ್ನೂ ನೆನೆದಿರಲಿಲ್ಲ.